ನೆಟ್ಟಗೆ ಕೂರಲು ಬರುವ ಡೇರೆ

ಜಹೀರಾಬಾದ್
ವ್ಯಯ ಸಂವತ್ಸರ, ಮಾರ್ಗಶಿರ ಬಹುಳ ತದಿಗೆ
ಫಸಲಿ ೧೩೫೬

ಅವ್ವ,

ಶರಣು. ನಿನ್ನ ಪಾದ ಮುಟ್ಟಿ ಹೇಳಬೇಕಾದ ಶರಣು ಇದು. ಮುಟ್ಟಲು ಬಿಡದಿರುವುದರಿಂದ ಕಾಗದದ ಮೇಲೆ ಇಡುತ್ತಿದ್ದೇನೆ. ನಾನು ಆರಾಮ ಇದ್ದೇನೆ. ಇವರೂ ಆರಾಮ ಇದ್ದಾರೆ.

ಈ ಪತ್ರವನ್ನು ನಿನಗೆ ಓದಿ ಹೇಳುವವರು ಮಾಸ್ತರ ಮನೆಯ ಉಮಾಬಾಯಿ ಎಂದು ನನಗೆ ಗೊತ್ತು. ಉಮಾಬಾಯಿಯವರೇ, ನಿಮಗೂ ಶರಣು. ರೇವಪ್ಪ ಮಾಮನ ಮಾತು ಬಂದ ಕಡೆ ದಯವಿಟ್ಟು ದನಿ ತಗ್ಗಿಸಬೇಡಿರಿ. ಅವರು ಪಡಸಾಲೆಯಲ್ಲಿ ಕುಳಿತಿದ್ದರೆ ಇನ್ನೂ ಒಳ್ಳೆಯದು.

ಅವ್ವ, ನಿನ್ನ ಪತ್ರ ಹೋದ ವಾರ ಕೈಸೇರಿತು. ಅದರಲ್ಲಿ ಮುಕ್ಕಾಲು ಪಾಲು ಮಾಮ ಬರೆಸಿದ್ದೆಂದು ಓದಿದ ಕೂಡಲೇ ತಿಳಿಯಿತು. ‘ಮನೆತನದ ಮಾನ’, ‘ಅಲೆಮಾರಿ ಬದುಕು’, ‘ಫಟಫಟಿಯ ಹಿಂದೆ ಕುಳಿತು ಊರೂರು ತಿರುಗುವ ಹೆಂಗಸು’, ಇವು ನಿನ್ನ ಬಾಯಿಂದ ಬರುವ ಮಾತುಗಳಲ್ಲ. ಎಳ್ಳಮಾವಾಸ್ಯೆಯ ಒಳಗೆ ಡೇರೆ ಬಿಟ್ಟು, ಆ ಮನುಷ್ಯನನ್ನೂ ಬಿಟ್ಟು ನಾರಾಯಣಖೇಡಕ್ಕೆ ಬಂದರೆ ಸರಿ, ಇಲ್ಲವಾದರೆ ಮನೆಯ ಹೊಸ್ತಿಲೂ ಹೊಲದ ಬದುವೂ ನಿನಗಿಲ್ಲ ಎಂಬ ಹುಕುಮೂ ನಿನ್ನದಲ್ಲ. ಎಲ್ಲ ಮುಗಿದ ಮೇಲೆ ಕೆಳಗೆ ಒಂದೇ ಒಂದು ಸಾಲು ನಿನ್ನದಿತ್ತು. ಬಟ್ಟೆಯ ಮನೆಯಲ್ಲಿ ಹೇಗೆ ಮಲಗುತ್ತೀ, ಥಂಡಿ ಹತ್ತುವುದಿಲ್ಲವೇ ಎಂದು ಕೇಳಿದ್ದೀ. ಮಾಮನಿಗೆ ಉತ್ತರ ಕೊನೆಗೆ ಕೊಡುತ್ತೇನೆ. ಮೊದಲು ನಿನ್ನ ಆ ಸಾಲಿಗೆ.

‘ಆ ಮನುಷ್ಯ’ನಿಗೆ ಒಂದು ಹೆಸರಿದೆ, ವೈಜಿನಾಥ. ನೋಡು, ಬರೆದೇಬಿಟ್ಟೆ. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನೀನು ಹೇಳಿಕೊಟ್ಟಿದ್ದೆ. ಮೊದಲನೆಯವರ ಹೆಸರನ್ನು ನಾನು ಒಂದು ದಿನವೂ ಹೇಳಲಿಲ್ಲ. ಆದರೂ ಅವರು ಎರಡನೆಯ ವರ್ಷಕ್ಕೇ ಹೋದರು. ಆಗ ನನಗೆ ಹದಿನೈದು. ಅಂದು ನಿನ್ನ ಕಿವಿಯ ಬುಗುಡಿ ಬಿಚ್ಚಿಕೊಟ್ಟು ನನ್ನನ್ನು ಹೈದರಾಬಾದಿಗೆ ಸೂಲಗಿತ್ತಿಯ ವಿದ್ಯೆ ಕಲಿಯಲು ಕಳಿಸಿದವಳು ನೀನು. ಆಗಲೂ ಮಾಮ ಬೇಡ ಅಂದಿದ್ದರು. ಆಗ ನೀನು ಅವರ ಮಾತು ಕೇಳಿರಲಿಲ್ಲ. ಅದನ್ನು ನಾನು ಮರೆತಿಲ್ಲ, ನೀನೂ ಮರೆಯಬೇಡ.

ಈಗ ನಮ್ಮ ಕೆಲಸ ಹೇಗೆಂದರೆ, ತಿಂಗಳಲ್ಲಿ ಹದಿನೈದು ದಿನ ನಾನು ಇಲ್ಲಿನ ದವಾಖಾನೆಯಲ್ಲಿ ಇರುತ್ತೇನೆ, ಹದಿನೈದು ದಿನ ಹಳ್ಳಿಗಳ ದೌರಾ. ಇವರು ಲಡಾಯಿ ಮುಗಿದ ಮೇಲೆ ಪಲ್ಟನ್ನಿನವರು ಮಾರಿದ ಹಳೆಯ ಮೋಟಾರ್ ಸೈಕಲ್ಲನ್ನು, ಅದೇ ಈ ಫಟಫಟಿಯನ್ನು, ತಂದು ರಿಪೇರಿ ಮಾಡಿದ್ದಾರೆ. ನಾನು ಬಸುರಿಯರನ್ನು ನೋಡುವ ಊರಲ್ಲೇ ಇವರು ಹಿಟ್ಟಿನ ಗಿರಣಿಯ, ಕಬ್ಬಿನ ಗಾಣದ ಇಂಜಿನ್ನು ನೋಡುತ್ತಾರೆ. ಎರಡೂ ಒಂದೇ ಜಾತಿಯ ಕೆಲಸ ಎಂದು ನಗುತ್ತಾರೆ. ಎರಡನ್ನೂ ಕಿವಿಗೊಟ್ಟು ಕೇಳಬೇಕು, ಎರಡಕ್ಕೂ ಒತ್ತಾಯ ಮಾಡಬಾರದು ಅನ್ನುತ್ತಾರೆ.

ಡೇರೆಯ ಯೋಚನೆ ಬಂದದ್ದು ಭಾದ್ರಪದದಲ್ಲಿ, ಮನೂರಿನ ಆಚೆಯ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಮಾಮನಿಗೆ ಬೇಕಾದವರು. ಅಲ್ಲಿಯ ಪಟೇಲರ ಕಿರಿಯ ಸೊಸೆಗೆ ಎರಡು ದಿನದಿಂದ ನೋವು. ಮಳೆಯಲ್ಲಿ ಹೋದೆವು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಹೆತ್ತಳು, ತಾಯಿ ಮಗು ಇಬ್ಬರೂ ಸುಖ. ನಾನು ಕೂಸಿನ ಮೈ ಒರೆಸಿ ಅತ್ತೆಯ ಕೈಗೆ ಕೊಟ್ಟೆ. ಅಲ್ಲಿಯವರೆಗೆ ನಾನು ‘ಬಾಯಿಯವರು’. ಕೂಸು ಕೈಗೆ ಬಂದ ಮೇಲೆ ಆ ಹೆಂಗಸು ಕೇಳಿದಳು, “ನೀವು ಉಡಿಕಿಯಾದೋರ ಹೌದಿಲ್ಲೋ?”

ಹೌದು ಅಂದೆ. ಸುಳ್ಳು ಯಾಕೆ ಹೇಳಲಿ?

“ಹಂಗಾರ ಬಾಣಂತಿ ಮನ್ಯಾಗ ನಿಂದ್ರಬ್ಯಾಡ್ರಿ. ಕೂಸಿನ ಮ್ಯಾಲ ನೆರಳು ಬೀಳ್ತದ. ದನದ ಕೊಟ್ಟಿಗ್ಯಾಗ ಜಾಗಾ ಅದ.”

ಅವ್ವ, ಆ ಕೂಸಿನ ಹೊಕ್ಕುಳ ಕೊಯ್ದವಳು ನಾನು. ಉಸಿರಾಡದೆ ಬಂದದ್ದನ್ನು ಬೆನ್ನು ತಿಕ್ಕಿ ಅಳಿಸಿದವಳು ನಾನು. ನನ್ನ ಕೈ ಅವರಿಗೆ ಬೇಕು, ನೆರಳು ಬೇಡ. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿದರೆ ಅದು ಮದುವೆ ಅಲ್ಲವಂತೆ, ಉಡಿಕೆಯಂತೆ. ಮದುವೆಯ ಆರತಿಗೂ ಬೇಡ, ತೊಟ್ಟಿಲಿಗೂ ಬೇಡ. ನಾವು ಕೊಟ್ಟಿಗೆಯಲ್ಲಿ ಎಮ್ಮೆಗಳ ನಡುವೆ ಕುಳಿತೆವು. ಮಳೆ ನಿಲ್ಲಲಿಲ್ಲ. ಪಟೇಲರ ಮನೆಯಿಂದ ಬಂದ ಊಟವನ್ನು ನಾನು ಹಿಂದಕ್ಕೆ ಕಳಿಸಿದೆ. ಇವರಿಗೆ ಹಸಿವಾಗಿತ್ತು, ಆದರೂ ಗಂಗಾಳವನ್ನು ತಾವೇ ಎತ್ತಿ ಹಿಂದಕ್ಕೆ ಕೊಟ್ಟರು. ಬೆಳಿಗ್ಗೆ ಗಾಡಿಯ ಮೇಲಿನ ಸಗಣಿ ತೊಳೆಯುತ್ತ ಇವರು ಅಂದರು, “ಸುಗಲಾ, ಫೌಜಿನ್ಯಾಗ ನಮ್ಮ ಮನಿ ನಾವ ಹೊತ್ತುಕೊಂಡು ಹೋಗ್ತಿದ್ವಿ. ಇನ್ನ ಮ್ಯಾಲ ಹಂಗ ಮಾಡೋಣ. ಯಾರ ಪಡಸಾಲಿನೂ ಬ್ಯಾಡ.”

ಇಷ್ಟೇ. ಡೇರೆ ನಮ್ಮ ಷೋಕಿಯಲ್ಲ.

ಇಲ್ಲಿ ಜಹೀರಾಬಾದಿನ ಟೇಸನ್ನಿನ ಹತ್ತಿರ ಮೊಗಲಪ್ಪ ಎಂಬ ವ್ಯಾಪಾರಿ ಇದ್ದಾನೆ. ಲಡಾಯಿಯ ಉಳಿಕೆ ಸಾಮಾನು ರೈಲಿನಲ್ಲಿ ತರಿಸಿ ಮಾರುತ್ತಾನೆ. ಅವನ ತಗಡಿನ ಗೋದಾಮಿನಲ್ಲಿ ಬೂಟು, ಕಂಬಳಿ, ನೀರಿನ ಡಬ್ಬಿ, ಕಂತೆ ಕಂತೆ ಡೇರೆಗಳು. ದೀಪಾವಳಿ ಕಳೆದ ಮೇಲೆ ಒಂದು ದಿನ ಪೂರ್ತಿ ಅಲ್ಲೇ ಕಳೆದೆವು. ಮೊಗಲಪ್ಪ ಮೊದಲು ನನ್ನ ಮುಖವನ್ನೇ ನೋಡಲಿಲ್ಲ. ಡೇರೆ ಆರಿಸುವುದು ಗಂಡಸರ ಕೆಲಸ ಎಂದು ಅವನ ಲೆಕ್ಕ. ಇವರು ಹೇಳಿದರು, “ನನಗ ಅಲ್ಲೋ ಮೊಗಲಪ್ಪ, ಬಾಯಿಯವರಿಗೆ ತೋರಿಸು.”

ಅವನು ಮೊದಲು ಬಿಚ್ಚಿದ್ದು ಸಾಹೇಬರ ಡೇರೆ. ಎರಡು ಛತ್ತು, ಒಳಗೆ ಹಳದಿ ಅಸ್ತರು, ಸ್ನಾನಕ್ಕೆ ಬೇರೆ ಕೋಣೆ. ತಹಸೀಲದಾರರು ದೌರಾಕ್ಕೆ ಬಂದಾಗ ನಮ್ಮೂರ ಕೆರೆಯ ದಂಡೆಯ ಮೇಲೆ ಹೊಡೆಯುತ್ತಿದ್ದರಲ್ಲ, ಅಂಥದ್ದೇ. ಅದನ್ನು ಎತ್ತಲು ಎಷ್ಟು ಮಂದಿ ಬೇಕು ಎಂದು ಕೇಳಿದೆ. “ಎಂಟು ಮಂದಿ ಸಾಕ್ರಿ ಬಾಯಿಯವರ, ಎರಡು ಬಂಡಿ. ಅದಕ್ಕ ಯಾಕ ಫಿಕರ್? ಊರಾಗ ವೆಟ್ಟಿ ಮಂದಿ ಇರ್ತಾರಲ್ಲ,” ಅಂದ. ಬಿಟ್ಟಿ ಬೆನ್ನುಗಳ ಮೇಲೆ ನಿಲ್ಲುವ ಡೇರೆ ನನಗೆ ಬೇಡ, ಮಡಿಚಿಡು ಅಂದೆ. ಆಮೇಲೆ ಒಂದೇ ಕಂಬದ ಗುಂಡು ಡೇರೆ ತೋರಿಸಿದ. ಬಹಳ ಚಂದ ಇತ್ತು, ಜೋಳದ ಬಣವೆಯ ಹಾಗೆ. ಆದರೆ ಕಂಬವೇ ಏಳು ಮೊಳ. ಫಟಫಟಿಗೆ ಅಡ್ಡ ಕಟ್ಟಿದರೆ ಎದುರು ಬರುವ ಎತ್ತಿನ ಕಣ್ಣಿಗೆ ಚುಚ್ಚುತ್ತದೆ, ಉದ್ದ ಕಟ್ಟಿದರೆ ನಾವು ಕೂರಲು ಜಾಗವಿಲ್ಲ.

ಮೂರನೆಯದು ಇವರಿಗೆ ಮೆಚ್ಚಿಕೆಯಾಯಿತು. ಇಬ್ಬರು ಸಿಪಾಯಿಗಳದು, ಹಾಸಿಗೆಯ ಹಾಗೆ ಸುತ್ತಿದರೆ ಕಂಕುಳಲ್ಲಿ ಇಡಬಹುದು. ಇವರು ಅದನ್ನು ಎರಡು ಚುಟ್ಟಾ ಸೇದುವಷ್ಟರಲ್ಲಿ ನಿಲ್ಲಿಸಿ ತೋರಿಸಿದರು. ನಾನು ಒಳಗೆ ತೆವಳಿಕೊಂಡು ಹೋದೆ. ಕೂರಲು ನೋಡಿದೆ, ತಲೆ ಬಟ್ಟೆಗೆ ತಾಗಿತು. ಬೆನ್ನು ಬಗ್ಗಿಸಿ ಕುಳಿತೆ, ಆಗಲೂ ತಾಗಿತು. ಅಲ್ಲಿಂದಲೇ ಕೂಗಿ ಹೇಳಿದೆ, ಇದರೊಳಗೆ ಮಲಗಬಹುದು ಅಷ್ಟೇ, ಹೆಣವೂ ಮಲಗುತ್ತದೆ, ನನಗೆ ಬೇಡ ಎಂದು. ಹೊರಗೆ ಮೊಗಲಪ್ಪ ನಕ್ಕದ್ದು ಕೇಳಿಸಿತು. ಇವರು ನಗಲಿಲ್ಲ. ನಮಗೆ ಅಲ್ಲೇ ಜಗಳವಾಯಿತು, ಅವ್ವ. ಸುಳ್ಳು ಬರೆಯುವುದಿಲ್ಲ. ಭಾರ ಹೆಚ್ಚಾದರೆ ಗಾಡಿ ನಡೆಸುವುದು ಎಷ್ಟು ಕಷ್ಟ ಎಂಬುದು ಇವರ ಚಿಂತೆ. “ಹಿಂದ ಭಾರ ಆದ್ರ ಮುಂದಿನ ಗಾಲಿ ನೆಲಾ ಹಿಡಿಯಂಗಿಲ್ಲ. ಉಸುಕಿನ್ಯಾಗ ಜೀವಾ ಹೋಗ್ತದ. ಡೇರೆದಾಗ ನೆಟ್ಟಗ ಕೂತು ಏನ್ ಕಿತಾಬ ಓದ್ತೀಯೇನ?” ಎಂದು ರೇಗಿದರು.

ನಾನೂ ರೇಗಿದೆ. ಎಮ್ಮೆಗಳ ನಡುವೆ ಬೆನ್ನು ಬಗ್ಗಿಸಿ ಕುಳಿತದ್ದು ಸಾಕು, ನನ್ನ ಸ್ವಂತ ಮನೆಯಲ್ಲಿ ನೆಟ್ಟಗೆ ಕೂರುತ್ತೇನೆ ಅಂದೆ. ಬೇರೆ ಕಾರಣವೂ ಇತ್ತು. ಯಾವ ಹೆಂಗಸಾದರೂ ಹೊಟ್ಟೆ ತೋರಿಸಲು ಬಂದರೆ ಎಲ್ಲಿ ಕೂರಿಸಲಿ? ಬಸುರಿಯನ್ನು ತೆವಳಿಕೊಂಡು ಬಾ ಅನ್ನಲಾ? ಇವರು ಸಿಪಾಯಿ ಡೇರೆಯನ್ನು ಸುತ್ತಿ ಬದಿಗಿಟ್ಟರು. ಆಮೇಲೆ ತಾವೇ ಕಂತೆಗಳ ಮೇಲೆ ಹತ್ತಿ, ತಳದಲ್ಲಿ ಬಿದ್ದಿದ್ದ ಒಂದು ಛೋಲ್ದಾರಿಯನ್ನು ಎಳೆದರು. ಮನೆಯ ಮಾಡಿನ ಹಾಗೆ ಎರಡೂ ಕಡೆ ಇಳಿಜಾರು, ಎರಡು ತುದಿಗೆ ಎರಡು ಕಂಬ, ಎರಡೂ ಕಡೆ ಬಾಗಿಲು. ಕಂಬಗಳು ನಡುವೆ ತುಂಡಾಗಿ ತಗಡಿನ ಕೊಳವೆಯಲ್ಲಿ ಕೂಡಿಕೊಳ್ಳುತ್ತವೆ. ನಡುವೆ ನಿಂತರೆ ನನ್ನ ತಲೆ ತಾಗಲಿಲ್ಲ. ಒಂದು ಮಗ್ಗುಲು ಇಲಿ ಕಡಿದು ಹರಿದಿತ್ತು. “ಅದು ಫೌಜಿನವರು ಕೆಟ್ಟದಂತ ತೆಗೆದು ಹಾಕಿದ ಕಂಡಮ್ ಮಾಲ್ ಅದ, ಬಿಡ್ರಿ,” ಅಂದ ಮೊಗಲಪ್ಪ. ನಾನು ಬಿಡಲಿಲ್ಲ. ಎರಡು ಬಿಂದಿಗೆ ನೀರು ತರಿಸಿ ಮೇಲೆ ಸುರಿಸಿ ಒಳಗೆ ಕುಳಿತೆ. ಹರಿದ ಕಡೆ ಬಿಟ್ಟು ಎಲ್ಲಿಯೂ ಒಂದು ಹನಿ ಇಲ್ಲ. ಒಳಗಿನಿಂದ ಬೆರಳು ಮುಟ್ಟಿಸಿದರೆ ಮಾತ್ರ ಮುಟ್ಟಿದ ಜಾಗದಿಂದ ಸೋರುತ್ತದೆ. ಒದ್ದೆ ಡೇರೆಯನ್ನು ಒಳಗಿನಿಂದ ಮುಟ್ಟಬಾರದು ಎಂದು ಅಂದೇ ಕಲಿತೆ.

ಗಾಡಿಗೆ ಅದನ್ನು ಕಟ್ಟಿ ಬೀದರ ರಸ್ತೆಯಲ್ಲಿ ಎರಡು ಮೈಲು ಹೋಗಿ ಬಂದೆವು. ಎರಡು ಸಲ ವಾಲಿತು, ಬೀಳಲಿಲ್ಲ. ಕಂಬಗಳನ್ನು ಒಂದು ಮಗ್ಗುಲಿಗೆ, ಬಟ್ಟೆಯನ್ನು ಇನ್ನೊಂದು ಮಗ್ಗುಲಿಗೆ ಹಂಚಿ ಕಟ್ಟಿದ ಮೇಲೆ ವಾಲುವುದೂ ನಿಂತಿತು. ಹರಿದ ಜಾಗಕ್ಕೆ ಬಂಡಿಗೆ ಹೊದಿಸುವ ಗೋಣಿತಟ್ಟಿನ ತುಂಡು ಹಾಕಿ ನಾನೇ ಹೊಲಿದೆ, ಹೊಲಿಗೆಯ ಮೇಲೆ ಅಗಸೆ ಎಣ್ಣೆಯಲ್ಲಿ ಕರಗಿಸಿದ ಮೇಣ ಸವರಿದೆ. ನೋಡಲು ಚಂದವಿಲ್ಲ. ಥಂಡಿ ಕೇಳಿದ್ದೀಯಲ್ಲ, ಕೆಳಗೆ ಜೋಳದ ದಂಟು ಹಾಸಿ ಮೇಲೆ ಕಂಬಳಿ ಹಾಕುತ್ತೇವೆ. ನಮ್ಮ ನಡುಮನೆಗಿಂತ ಬೆಚ್ಚಗಿರುತ್ತದೆ.

ಮೊದಲ ದೌರಾ ತಾಂಡೂರಿನ ಕಡೆ ಮಾಡಿದೆವು. ಅಲ್ಲಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಹೆಂಗಸರು ಏಳು ತಿಂಗಳಾದರೂ ಚಪ್ಪಡಿ ಹೊರುತ್ತಾರೆ. ಅಲ್ಲಿ ಗೂಟ ನೆಲಕ್ಕೆ ಇಳಿಯಲೇ ಇಲ್ಲ. ಒಂದು ಗೇಣು ಮಣ್ಣು, ಕೆಳಗೆಲ್ಲ ಕಲ್ಲು. ಆ ಹೆಂಗಸರೇ ನಾಲ್ಕು ಚಪ್ಪಡಿ ಹೊತ್ತು ತಂದು ಹಗ್ಗಗಳ ಮೇಲೆ ಇಟ್ಟರು. ಬಶೀರಾಬಾದಿನ ಬಯಲಲ್ಲಿ ಗಾಳಿ ಹೇಗೆ ಬೀಸಿತೆಂದರೆ, ಅಡುಗೆಯ ಪಾತ್ರೆ ಹಾರಿ ತೊಗರಿ ಹೊಲದಲ್ಲಿ ಬಿತ್ತು. ಡೇರೆ ಹಾರಲಿಲ್ಲ. ಸಾಯಂಕಾಲ ಹೆಂಗಸರು ಬಂದು ಸಾಲಾಗಿ ಕುಳಿತರು. ಪಟೇಲರು ತಮ್ಮ ಮನೆಗೆ ಕಾಲಿಡಗೊಡದಂಥವರೂ ಬಂದರು. ನನ್ನ ಬಾಗಿಲಿಗೆ ಹೊಸ್ತಿಲಿಲ್ಲ ನೋಡು, ದಾಟಬೇಡ ಅನ್ನುವವರು ಯಾರು?

ಈಗ ನಿನಗೆ ಮುಖ್ಯ ಸಂಗತಿ ಹೇಳುತ್ತೇನೆ. ಇದು ಆಗಿ ಹನ್ನೆರಡು ದಿನವಾಯಿತು. ಕಂಗ್ಟಿಯಿಂದ ಬರುತ್ತಿದ್ದೆವು. ದಾರಿಯಲ್ಲಿ ಒಂದು ಬಂಡಿ ಅಚ್ಚು ಮುರಿದು ವಾಲಿ ನಿಂತಿತ್ತು. ಒಳಗೆ ಒಬ್ಬ ಹೆಂಗಸು, ಬಂಡಮ್ಮ ಎಂದು ಹೆಸರು, ಮೂರು ದಿನದಿಂದ ನೋವು ತಿನ್ನುತ್ತಿದ್ದಾಳೆ. ನಾರಾಯಣಖೇಡದ ದವಾಖಾನೆಗೆ ಒಯ್ಯುತ್ತಿದ್ದರಂತೆ. ಅವಳ ಗಂಡ ಪಾಂಡಪ್ಪ ಮುರಿದ ಅಚ್ಚನ್ನು ಕೈಯಲ್ಲಿ ಹಿಡಿದು ಅಳುತ್ತ ನಿಂತಿದ್ದ. ಅತ್ತೆ ಸುಂದರಬಾಯಿ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನೆತ್ತಿಯ ಮೇಲೆ ಬಿಸಿಲು. ಊರು ಎರಡೂ ಕಡೆ ಮೂರು ಮೂರು ಮೈಲು.

ನಾನು ಮುಟ್ಟುವ ಮೊದಲೇ ಹೇಳಿದೆ, ಆಮೇಲೆ ಮಾತು ಬರುವುದು ಬೇಡ ಎಂದು. ನಾನು ಸೂಲಗಿತ್ತಿ, ಹೈದರಾಬಾದಿನಲ್ಲಿ ಕಲಿತವಳು, ಉಡಿಕೆಯಾದವಳು. ಬೇಕಾದರೆ ನೋಡುತ್ತೇನೆ, ಬೇಡವಾದರೆ ಈ ಗಾಡಿಯಲ್ಲಿ ಇನ್ನೊಬ್ಬರನ್ನು ಕರೆಸುತ್ತೇನೆ ಅಂದೆ. ಸುಂದರಬಾಯಿ ನನ್ನ ಮುಖವನ್ನು ನೋಡಿ ಅಂದಳು, “ನನ್ನ ಸೊಸಿ ಸಾಯಾಕತ್ತ್ಯಾಳ ತಾಯಿ. ನಿನಗ ಸೀರಿ ಯಾರು ಉಡಿಸಿದರ ನನಗೇನು? ಜಲ್ದಿ ಬಾ.”

ಇವರು ರಸ್ತೆಯ ಮಗ್ಗುಲಲ್ಲೇ ಛೋಲ್ದಾರಿ ನಿಲ್ಲಿಸಿದರು. ಎರಡು ಬಾಗಿಲನ್ನೂ ಬಿಟ್ಟು ಗಾಳಿ ಬರುವಂತೆ ಮಾಡಿ ಸೀರೆಯ ಮರೆ ಕಟ್ಟಿದೆ. ಕೈಯಿಟ್ಟು ನೋಡಿದರೆ ಕೂಸು ತಿರುಗಿತ್ತು, ಕಾಲು ಮುಂದಾಗಿ ಬರುತ್ತಿತ್ತು. ಮಲಗಿಸಿದರೆ ಇಬ್ಬರೂ ಉಳಿಯುವುದಿಲ್ಲ ಎಂದು ನನಗೆ ತಿಳಿಯಿತು. ಬಂಡಮ್ಮನನ್ನು ಎಬ್ಬಿಸಿ ಕುಕ್ಕರಗಾಲಲ್ಲಿ ಕೂರಿಸಿದೆ, ಡೇರೆಯ ಕಂಬ ಹಿಡಿ ಅಂದೆ. ಅವಳು ಹಿಡಿದು ಜಗ್ಗಿದಾಗಲೆಲ್ಲ ಡೇರೆ ಪೂರ್ತಿ ತೂಗಾಡಿತು. ಹೊರಗೆ ಇವರು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಹಿಂದಕ್ಕೆ ವಾಲಿ ನಿಂತಿದ್ದರು. ಇನ್ನೊಂದು ತುದಿಯ ಹಗ್ಗವನ್ನು ಪಾಂಡಪ್ಪ ಹಿಡಿದಿದ್ದ, ಅಳುತ್ತಲೇ ಹಿಡಿದಿದ್ದ. ಸುಂದರಬಾಯಿ ಸೊಸೆಯ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕುಳಿತಳು. ಕಾಲು ಬಂತು, ಸೊಂಟ ಬಂತು, ತೋಳು ಸಿಕ್ಕಿಕೊಂಡಿತು. ಅವ್ವ, ಆ ಹೊತ್ತು ನನಗೆ ಅಂಜಿಕೆ ಆಯಿತು. ಮಾಮನ ಎದುರು ಆಗದ ಅಂಜಿಕೆ. ಬೆರಳು ಹಾಕಿ ತೋಳು ಇಳಿಸಿಕೊಂಡೆ. ತಲೆ ಬಂತು. ಗಂಡು ಕೂಸು, ನೀಲಿಯಾಗಿತ್ತು. ಬಾಯಿ ತೆಗೆದು ಊದಿದೆ, ಇನ್ನೊಮ್ಮೆ ಊದಿದೆ. ಮೂರನೆಯ ಸಲಕ್ಕೆ ಅದು ಎಂಥ ಸಿಟ್ಟಿನಿಂದ ಚೀರಿತೆಂದರೆ, ಹೊರಗೆ ಪಾಂಡಪ್ಪ ಹಗ್ಗ ಬಿಟ್ಟುಬಿಟ್ಟ, ಅರ್ಧ ಡೇರೆ ನಮ್ಮೆಲ್ಲರ ಮೇಲೆ ಬಿತ್ತು. ಆ ಬಟ್ಟೆಯ ಅಡಿಯಲ್ಲಿ ನಾವು ಮೂವರು ಹೆಂಗಸರು ನಕ್ಕೆವು, ಬಂಡಮ್ಮನೂ ನಕ್ಕಳು.

ಅವರು ಎರಡು ದಿನ ಆ ಡೇರೆಯಲ್ಲೇ ಇದ್ದರು. ನಾವು ಹೊರಗೆ ಬೇವಿನ ಮರದ ಕೆಳಗೆ ಇದ್ದೆವು. ಹೊರಡುವಾಗ ಸುಂದರಬಾಯಿ ನನ್ನ ಉಡಿಯಲ್ಲಿ ಒಂದು ಮುಷ್ಟಿ ಜೋಳ, ಒಂದು ಕೊಬ್ಬರಿ ಬಟ್ಟಲು ಹಾಕಿದಳು. ಇವರ ಜೊತೆ ಬಾಳುವೆ ಶುರುವಾದ ಮೇಲೆ ನನ್ನ ಉಡಿ ಯಾರೂ ತುಂಬಿರಲಿಲ್ಲ. ನೀನೂ ತುಂಬಿಲ್ಲ. ಮುನಿಸಿನಿಂದ ಬರೆದದ್ದಲ್ಲ, ಆದದ್ದನ್ನು ಬರೆದೆ.

ಇಲ್ಲಿಗೆ ಬಂದ ಮೇಲೆ ಡಾಕ್ಟರ ಸಾಹೇಬರು ನನ್ನನ್ನು ಕರೆದು ಒಂದು ಅರ್ಜಿ ಮುಂದಿಟ್ಟರು. ನಾರಾಯಣಖೇಡದಿಂದ ಬಂದದ್ದು, ಉರ್ದುವಿನಲ್ಲಿ. ‘ಈ ಹೆಂಗಸು ಬಯಲಲ್ಲಿ ಡೇರೆ ಹಾಕಿ ಗಂಡಸಿನ ಜೊತೆ ಮಲಗುತ್ತಾಳೆ, ಕೆಲಸದಿಂದ ತೆಗೆಯಬೇಕು’ ಎಂದಿತ್ತು. ಕೆಳಗೆ ಮಾಮನ ದಸ್ತಖತ್ತು. ನನಗೆ ಉರ್ದು ಓದಲು ಬರುತ್ತದೆ ಎಂಬುದು ಮಾಮನಿಗೆ ಗೊತ್ತಿಲ್ಲ. ನಾನು ಡಾಕ್ಟರರಿಗೆ ಹೇಳಿದೆ, ಹೌದು ಸಾಹೇಬ, ಮಲಗುತ್ತೇನೆ, ಆ ಗಂಡಸು ನನ್ನ ಗಂಡ. ಅದೇ ಡೇರೆಯಲ್ಲಿ ಈ ವಾರ ಒಂದು ಕೂಸೂ ಹುಟ್ಟಿದೆ, ಅದನ್ನೂ ಅರ್ಜಿಯಲ್ಲಿ ಸೇರಿಸಿರಿ. ಅವರು ಕಾಗದವನ್ನು ಮಗುಚಿದರು. ಆಮೇಲೆ ಹಿಂದಿನ ಬದಿಗೆ ಏನೋ ಬರೆದು ಪೇಟಿಗೆ ಹಾಕಿದರು. ಮುಂದಿನ ದೌರಾ ಯಾವ ಕಡೆ ಎಂದು ಕೇಳಿದರು. ನಾರಾಯಣಖೇಡದ ಕಡೆ ಎಂದು ಹೇಳಿ ಬಂದೆ.

ಈಗ ಮಾಮನಿಗೆ ಉತ್ತರ. ಉಮಾಬಾಯಿಯವರೇ, ಇಲ್ಲಿ ಸ್ವಲ್ಪ ಗಟ್ಟಿಯಾಗಿ ಓದಿರಿ.

ಮಾಮ, ಡೇರೆ ಮಾರುವುದಿಲ್ಲ. ವೈಜಿನಾಥರನ್ನು ಬಿಡುವುದಿಲ್ಲ. ಎಳ್ಳಮಾವಾಸ್ಯೆಗೆ ಬರುತ್ತೇನೆ, ಇಬ್ಬರೂ ಬರುತ್ತೇವೆ. ನೀವು ಮನೆಯ ಬಾಗಿಲು ಹಾಕಿಕೊಳ್ಳಿರಿ, ಅದು ನಿಮ್ಮ ಕೈಯಲ್ಲಿದೆ. ಆದರೆ ಆ ದಿನ ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ. ಹಳ್ಳದ ದಂಡೆಯ ಹೊಲ ಅಪ್ಪನದು. ಅವರು ಹೋದ ಮೇಲೆ ನೀವು ಉಳುತ್ತೀರಿ, ಅದಕ್ಕೆ ನನ್ನ ತಕರಾರಿಲ್ಲ. ಬದುವಿನ ಮೇಲೆ ಕಾಲಿಡಬೇಡ ಅನ್ನಲು ನಿಮಗೆ ಹಕ್ಕಿಲ್ಲ. ಕರಿ ಮಣ್ಣಿನಲ್ಲಿ ಗೂಟ ಚೆನ್ನಾಗಿ ಇಳಿಯುತ್ತದೆ, ನನಗೆ ಗೊತ್ತು. ಮೂರು ದಿನ ಅಲ್ಲೇ ಇರುತ್ತೇನೆ. ನಮ್ಮ ಓಣಿಯಲ್ಲಿ ಯಾರು ಬಸುರಿ ಇದ್ದರೂ ಬರಲಿ, ನಿಮ್ಮ ಮನೆಯವರೂ ಬರಲಿ. ನಾನು ಯಾರನ್ನೂ ಕೊಟ್ಟಿಗೆಯಲ್ಲಿ ಕೂರಿಸುವುದಿಲ್ಲ.

ಅವ್ವ, ನೀನು ಬುತ್ತಿ ಕಟ್ಟಿಕೊಂಡು ಬರುತ್ತೀಯೋ ಇಲ್ಲವೋ, ನಾನು ಕೇಳುವುದಿಲ್ಲ. ಬಂದರೆ ಕಾಳು, ಸೊಪ್ಪು ಕೂಡಿಸಿ ಬೇಯಿಸುವ ಭಜ್ಜಿ ಹೆಚ್ಚು ಮಾಡಿ ತಾ, ಇವರಿಗೆ ಸೇರುತ್ತದೆ. ಸಜ್ಜೆ ರೊಟ್ಟಿ ನಾನು ಮಾಡಿಕೊಂಡು ಬರುತ್ತೇನೆ. ನೀನು ಬಾರದೆ ಹೋದರೂ ನಾನು ಬಂದಿರುತ್ತೇನೆ.

ಯಾರ ಹೊಸ್ತಿಲೂ ಬೇಡದ, ನಿನ್ನ ತೊಡೆ ಮಾತ್ರ ಬೇಕಾದ ಮಗಳು,
ಸುಗಲಾಬಾಯಿ ವೈಜಿನಾಥ

ತಾ.ಕ.: ಇವರು ಎತ್ತ ಒಯ್ದರೆ ನಾನು ಅತ್ತ ಹೋಗುತ್ತೇನೆ ಎಂದು ಊರವರೆಲ್ಲ ಅನ್ನುತ್ತಾರಂತೆ. ಒಂದು ಸಂಗತಿ ನಿನಗೂ ಹೇಳಿರಲಿಲ್ಲ. ಲಡಾಯಿಯಲ್ಲಿ ಲಾರಿಯ ಹ್ಯಾಂಡಲು ತಿರುಗಿ ಬಡಿದು ಇವರ ಎಡ ಮುಂಗೈ ಮುರಿದದ್ದು ಇವತ್ತಿಗೂ ಸರಿಯಾಗಿ ಕೂಡಿಲ್ಲ. ನಮ್ಮ ಉಡಿಕೆಯ ದಿನ ಅದು ಕೋಟಿನ ಕಿಸೆಯಲ್ಲಿತ್ತು, ಯಾರೂ ನೋಡಲಿಲ್ಲ. ಆ ಕೈಯಲ್ಲಿ ಚಹದ ಬಟ್ಟಲು ಹಿಡಿಯಬಲ್ಲರು, ಫಟಫಟಿಯ ಹಿಡಿ ಒತ್ತಲಾರರು. ನಡೆಸುವವಳು ನಾನು, ಅವ್ವ. ಹಿಂದೆ ಕೂರುವವರು ಇವರು. ಮಂಜೀರಾ ಹೊಳೆಯ ಉಸುಕಿನಲ್ಲಿ ಕಲಿಸಿದರು, ಎಂಟು ಸಲ ಬಿದ್ದೆ. ಇಷ್ಟು ದಿನ ಊರ ಅಗಸೆ ಬಾಗಿಲು ಕಂಡ ಕೂಡಲೇ ನಾನು ಇಳಿದು, ಸೆರಗು ಹೊದ್ದು, ಇವರ ಹಿಂದೆ ನಡೆದು ಒಳಗೆ ಹೋಗುತ್ತಿದ್ದೆ, ಇವರು ಗಾಡಿ ತಳ್ಳುತ್ತಿದ್ದರು, ಜನ ಏನು ಅಂದಾರೋ ಎಂದು. ಎಳ್ಳಮಾವಾಸ್ಯೆಯ ದಿನ ನಾರಾಯಣಖೇಡದ ಅಗಸೆಯಲ್ಲಿ ನಾನು ಇಳಿಯುವುದಿಲ್ಲ.